ಎಲ್ಲರ ಮನೆಯಲ್ಲೂ ಒಂದಿಂಚು

ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಸೇರಿ, ಯಾರು ಬೇಕಾದರೂ ಬಳಸಬಹುದಾದ ಸಂಶೋಧನಾ ದತ್ತಾಂಶಗಳನ್ನು ಜಾಲತಾಣದಲ್ಲಿ ಒಟ್ಟಿಗೆ ಇಡಬೇಕೆಂದು ತೀರ್ಮಾನಿಸಿದವು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಕೆಲಸ ನನ್ನ ತಲೆಗೆ ಬಂತು. ಮಧುಗಿರಿಯಲ್ಲಿ ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಮೇಲಾಗಿ ಬೇಡ ಎನ್ನಲು ಬಾರದವನು.

ಬಂದದ್ದರಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ಬುಕ್ಕಾಪಟ್ಟಣದ ಕಾಡಿನ ಚಿಂಕಾರ ಜಿಂಕೆಗಳ ಲೆಕ್ಕ ಕಳಿಸಿದವರು ಅವು ಕಂಡ ಜಾಗವನ್ನೇ ಬರೆದಿರಲಿಲ್ಲ. ಕೇಳಿದರೆ, ಅವು ಅಲ್ಲೇ ನಿಂತಿರುತ್ತವೆಯೇ ಎಂದರು. ಅದನ್ನು ಬಿಟ್ಟೆ.

ನನ್ನ ಆಸೆಯೆಲ್ಲ ಪಾವಗಡದ ಭೂಗೋಳದ ಮೇಡಂ ಕಳಿಸಿದ್ದರ ಮೇಲಿತ್ತು. ಕೊಳವೆಬಾವಿಗಳಲ್ಲಿ ಎಷ್ಟಿಂಚು ನೀರು ಬರುತ್ತದೆಂದು ಅವರು ವರ್ಷಗಟ್ಟಲೆ ನಾಲ್ಕೂ ತಾಲ್ಲೂಕು ಅಲೆದು, ಮನೆಮನೆಯಲ್ಲಿ ಕೇಳಿ ಬರೆದಿದ್ದರು. ನಿವೃತ್ತಿ ಹತ್ತಿರವಿತ್ತು. ಪುಸ್ತಕ ಬರೆದಿಲ್ಲ, ಡಾಕ್ಟರೇಟ್ ಇಲ್ಲ, ಇದೊಂದು ಉಳಿದರೆ ಸಾಕು ಎಂದಿದ್ದರು.

ತೆರೆದು ನೋಡಿದರೆ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದಿಂಚು. ಭೂಮಿತಾಯಿ ಇಷ್ಟು ಸಮನಾಗಿ ಹಂಚಿದ್ದನ್ನು ನಾನೆಂದೂ ಕಂಡಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಇಬ್ಬರೂ ಹೊಳವನಹಳ್ಳಿ ಹತ್ತಿರದ ಒಂದು ತೋಟಕ್ಕೆ ಹೋದೆವು. ಪೈಪಿನಿಂದ ನೀರು ಧೋ ಎಂದು ಬೀಳುತ್ತಿತ್ತು. ನಾನು ಬಿಟ್ಟಿದ್ದ ಚಪ್ಪಲಿ ತೇಲಿಕೊಂಡು ಹೋಯಿತು.

"ಎಲ್ಲಿ ಬತ್ತದೆ ಸಾ, ಒಂದಿಂಚು ಬಂದ್ರೆ ಹೆಚ್ಚು" ಎನ್ನುತ್ತಾ ತೋಟದ ಹೆಂಗಸು ಚಪ್ಪಲಿ ಹಿಡಿದು ತಂದುಕೊಟ್ಟರು.

ಇರುವ ನೀರನ್ನು ಇದ್ದಷ್ಟು ಹೇಳಿದರೆ ಕಣ್ಣು ಬೀಳುತ್ತದೆ, ಬಾವಿ ಬತ್ತುತ್ತದೆ. ನಮ್ಮ ಕಡೆ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನಾವಿಬ್ಬರು ಮಾತ್ರ ಓದಿ ಮರೆತಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ, ಅಳತೆ ಎಂದು ಇದನ್ನು ಸೇರಿಸಲಾಗದು ಎಂದು ಮೇಡಂಗೆ ಹೇಳಬೇಕಿತ್ತು. ಬೇಡ ಎನ್ನಲು ಬಾರದವನು ನಾನು. ಅದಕ್ಕೇ ಸುತ್ತಿ ಬಳಸಿ ಶುರು ಮಾಡಿದೆ. ಪಟ್ಟಿಯ ಮೊದಲ ಸಾಲು ಅವರದೇ ಮನೆಯ ಬಾವಿ, ಅಲ್ಲೂ ಒಂದಿಂಚು ಎಂದಿದೆ, ನಿಜಕ್ಕೂ ಅಷ್ಟೇ ಬರುತ್ತದೆಯೇ ಎಂದು ಕೇಳಿದೆ.

ಮೇಡಂ ಕಿಟಕಿಯಾಚೆ ನೋಡಿದರು.

"ಎರಡೂವರೆ. ಬರ್ಕೊಳ್ಳೋವಾಗ ನಮ್ಮತ್ತೆ ಪಕ್ಕದಲ್ಲೇ ನಿಂತಿದ್ರು ಸರ್."

ಇಬ್ಬರೂ ನಗಲಿಲ್ಲ. ಪಟ್ಟಿಯ ಮೇಲಿರುವ 'ನೀರಿನ ಅಳತೆ' ಎಂಬ ತಲೆಬರಹವನ್ನು ತೆಗೆದು 'ಕೇಳಿದಾಗ ಹೇಳಿದ ನೀರು' ಎಂದು ಹಾಕಿದರೆ ಸೇರಿಸಬಹುದು, ಜನ ಎಷ್ಟು ಮುಚ್ಚಿಡುತ್ತಾರೆ ಎಂಬುದೂ ಯಾರಿಗಾದರೂ ಬೇಕಾದೀತು ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಂಬಿಯೇ ಹೇಳಿದೆ. ಕೊರಟಗೆರೆಯಲ್ಲಿ ಇಳಿದ ಮೇಲೆ ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಇಷ್ಟು ವರ್ಷ ನೀರು ಅಳೀತಿದ್ದೀನಿ ಅಂದ್ಕೊಂಡಿದ್ನಲ್ಲ ಸರ್. ಆಯ್ತು, ಅಂಗೇ ಸೇರಿಸಿ. ನಮ್ಮನೆ ಸಾಲು ಮಾತ್ರ ತಿದ್ಬೇಡಿ."