ಎರಡು ಬೆರಳು ಬಟ್ಟೆ

ಹದಿನೇಳು ವರ್ಷದಿಂದ ಅವಳದು ಒಂದೇ ಕೆಲಸ: ವೆಬ್‌ಸೈಟಿನ ಪುಟ ಕಣ್ಣಿಗೆ ಹೇಗೆ ಕಾಣಬೇಕೆಂದು ಸ್ಟೈಲ್‌ಶೀಟ್ ಬರೆಯುವುದು. ಅಕ್ಷರ ಎಷ್ಟು ದೊಡ್ಡದು, ಬಣ್ಣ ಯಾವುದು, ಬಟನ್ನು ಎಲ್ಲಿ ಕೂರಬೇಕು, ಎಲ್ಲಾ ಅದರಲ್ಲೇ. ಪುಟ ಚೆನ್ನಾಗಿದ್ದರೆ ಅವಳನ್ನು ಕೇಳುವವರಿಲ್ಲ. ಒಂದು ಗೆರೆ ಆಚೀಚೆ ಆದರೆ ಎಲ್ಲರ ಬಾಯಲ್ಲೂ ಅವಳದೇ ಮಾತು. ಆಫೀಸಿನಲ್ಲಿ ಅವಳ ಅಡ್ಡಹೆಸರು ದರ್ಜಿಯಕ್ಕ.

ನಿಜವಾದ ದರ್ಜಿ ಅವಳ ಅಮ್ಮ. ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವಳು. ಮಕ್ಕಳು ಬೆಳೆಯುತ್ತವಲ್ಲ ಎಂದು ಪ್ರತಿ ಹೊಲಿಗೆಯೊಳಗೂ ಎರಡು ಬೆರಳು ಬಟ್ಟೆ ಬಿಡುತ್ತಿದ್ದಳು. ಮಗಳು ಹೊಸಬರಿಗೆ ಹೇಳಿಕೊಡುವುದೂ ಅದನ್ನೇ. ಒಂದು ಭಾಷೆಯಲ್ಲಿ ನಾಲ್ಕಕ್ಷರಕ್ಕೆ ಮುಗಿಯುವ ಮಾತಿಗೆ ಇನ್ನೊಂದರಲ್ಲಿ ಹದಿನಾಲ್ಕು ಬೇಕು. ಪುಟದಲ್ಲಿ ಮಾತು ಕೂರುವ ಚೌಕದ ಎತ್ತರ ಕಟ್ಟಿಹಾಕಬೇಡಿ, ಒಳಗಿನ ಮಾತು ಬೆಳೆದಂತೆ ಅದೂ ಬೆಳೆಯಲಿ. ಈಗ ಅಮ್ಮನ ಎರಡೂ ಕಣ್ಣಿಗೆ ಪೊರೆ. ಆಪರೇಷನ್ನಿಗಾಗಿ ಐದು ತಿಂಗಳಿಂದ ಕಾಯುತ್ತಿದ್ದಳು.

ಅದೇ ಹೊತ್ತಿಗೆ ದರ್ಜಿಯಕ್ಕನ ಕೈಗೆ ಬಂದದ್ದು ಕಣ್ಣಾಸ್ಪತ್ರೆಗಳ ದೊಡ್ಡ ಸೈಟು, ಹನ್ನೆರಡು ಭಾಷೆಯದು. ಅಮ್ಮನ ಆಸ್ಪತ್ರೆಯೂ ಅದರಲ್ಲೇ ಇತ್ತು. ಮ್ಯಾನೇಜರನಿಗೋ, ಚೌಕಗಳು ಉದ್ದ ಗಿಡ್ಡ ಕಂಡರೆ ಮೈಯೆಲ್ಲ ಉರಿ. ಎಲ್ಲ ಭಾಷೆಗೂ ಒಂದೇ ಅಳತೆ ಇರಲಿ ಎಂದ. ಅವಳು ಎರಡು ಸಲ ವಾದಿಸಿದಳು. ಎಷ್ಟಂತ ಬಾಯಿ ನೋಯಿಸಿಕೊಳ್ಳುವುದು? ಹಾಳಾಗಿ ಹೋಗಲಿ ಎಂದು ಎತ್ತರ ಕಟ್ಟಿ, ಮೀರಿದ್ದು ಕಾಣದಂತೆ ಒಂದು ಸಾಲು ಬರೆದಳು. ಹನ್ನೆರಡು ಭಾಷೆಯಲ್ಲೂ ತೆರೆದು ನೋಡಿದಳು, ಸರಿಯಾಗೇ ಕೂತಿತ್ತು. ಅಕ್ಷರ ದೊಡ್ಡದು ಮಾಡಿ ನೋಡುವುದೊಂದು ಬಾಕಿ. ಅಷ್ಟಕ್ಕೆ ತ್ರಾಣವಿರಲಿಲ್ಲ, ಮನೆಗೆ ಹೋದಳು.

ಮುಂದಿನ ತಿಂಗಳು ಅಮ್ಮನಿಗೆ ದಿನ ಸಿಕ್ಕಿತು. ಬರುತ್ತೇನೆಂದು ಮೂರು ದಿನ ಮೊದಲೇ ಸೈಟಿನಲ್ಲಿ ಒಪ್ಪಿಗೆಯ ಬಟನ್ನು ಒತ್ತಬೇಕಿತ್ತು. ಫೋನು ನಾನೇ ನೋಡಿಕೊಳ್ಳುತ್ತೇನೆ, ನಿನಗೆ ಕೆಲಸವೇ ಹಾಸಿ ಹೊದೆಯುವಷ್ಟಿದೆ ಎಂದು ಅಮ್ಮ ಮಗಳನ್ನು ಹತ್ತಿರ ಬಿಡಲಿಲ್ಲ. ಆಪರೇಷನ್ನಿನ ಬೆಳಿಗ್ಗೆ ಇಬ್ಬರೂ ಹೋದರೆ, ಕೌಂಟರಿನಾಕೆ ಒಪ್ಪಿಗೆ ಬಂದಿಲ್ಲ, ಜಾಗ ಬೇರೆಯವರಿಗೆ ಹೋಯಿತು, ಇನ್ನು ನಾಲ್ಕು ತಿಂಗಳು ಎಂದಳು.

ಬೆಂಚಿನ ಮೇಲೆ ಕೂತು ಅಮ್ಮ ತನ್ನನ್ನೇ ಬೈದುಕೊಂಡಳು. "ಒತ್ತೋ ಜಾಗ ಎಲ್ಲೂ ಕಾಣಲೇ ಇಲ್ಲ ಕಣೇ. ತೆರೆದು ಓದಿದ್ರೆ ಸಾಕೇನೋ ಅಂದ್ಕೊಂಡೆ. ಹಾಳು ಕಣ್ಣು, ನಾನೇ ಎಲ್ಲೋ ಬಿಟ್ಟುಬಿಟ್ಟೆ."

ಮಗಳು ಫೋನು ತೆಗೆದುಕೊಂಡಳು. ಕಾಣಲೆಂದು ಅಮ್ಮ ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿಕೊಂಡಿದ್ದಳು. ತಾರೀಖು, ಡಾಕ್ಟರ ಹೆಸರು, ಅಷ್ಟಕ್ಕೇ ಚೌಕ ತುಂಬಿಹೋಗಿತ್ತು. ಅದರ ಕೆಳಗೆ ದಾರದಷ್ಟು ನೀಲಿ. ಬಟನ್ನಿನ ಉಳಿದ ಭಾಗ ಕತ್ತರಿಸಿಹೋಗಿತ್ತು. ಅವಳು ಫೋನನ್ನು ಬೆಂಚಿನ ಮೇಲಿಟ್ಟಳು.

"ಕಣ್ಣಿನ ತಪ್ಪಲ್ಲಮ್ಮ. ಬಟನ್ನು ಕಾಣದ ಹಾಗೆ ಮಾಡಿದ್ದು ನಾನೇ."

ಅವಳು ಎಲ್ಲಾ ಹೇಳಿದಳು. ಅಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳ ಅಂಗಿತೋಳಿನ ಹೊಲಿಗೆಯಂಚನ್ನು ಬೆರಳಲ್ಲಿ ತಡವುತ್ತಾ ಮೆಲ್ಲಗೆ ಕೇಳಿದಳು.

"ಒಳಗೆ ಬಟ್ಟೆ ಬಿಡಲಿಲ್ವೇನೇ?"

"ಸುಸ್ತಾಗಿತ್ತಮ್ಮ."

"ನಂಗೂ ಆಗ್ತಿತ್ತು," ಎಂದಳು ಅಮ್ಮ.

ದರ್ಜಿಯಕ್ಕ ಅಲ್ಲೇ ಲ್ಯಾಪ್‌ಟಾಪ್ ತೆರೆದು, ಯಾರನ್ನೂ ಕೇಳದೆ ಕಟ್ಟಿದ ಎತ್ತರವನ್ನೂ ಆ ಸಾಲನ್ನೂ ತೆಗೆದುಹಾಕಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಅಮ್ಮನ ಕೈ ಹಿಡಿದು, ಒಂದು, ಎರಡು ಎಂದು ಎಣಿಸುತ್ತಾ ಆಸ್ಪತ್ರೆಯ ಮೆಟ್ಟಿಲಿಳಿಸಿದಳು.