ತೆಂಗಿನಹಾಲು ಮತ್ತು ನನ್ನ ಮೊಣಕೈ

ನಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ನರಲ್ಲಿ ಮದುವೆಗೆ ಮುಂಚೆ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಬಂದವರೆಲ್ಲ ಸರದಿಯಲ್ಲಿ ತಲೆಗೆ ಎಣ್ಣೆ, ಕೈಕಾಲಿಗೆ ತೆಂಗಿನಹಾಲು ಸವರುತ್ತಾರೆ. ಎಲ್ಲರಿಗೂ ಅದು ಗಮ್ಮತ್ತು. ನನಗೆ ಮಾತ್ರ ಹೈಸ್ಕೂಲಿನಿಂದಲೂ ಅದರ ಹೆಸರೆತ್ತಿದರೆ ನಡುಕ. ನನಗೆ ಸೋರಿಯಾಸಿಸ್. ಮೊಣಕೈ, ಮೊಣಕಾಲು, ಬೆನ್ನು, ಎಲ್ಲೆಡೆ ಕೆಂಪು ಮಚ್ಚೆ, ಮೇಲೆ ಬಿಳಿ ಹೊಟ್ಟು. ಊರಿಗೆ ಊರೇ ಬಂದು ಅದನ್ನು ಮುಟ್ಟುವುದೇ? ದೇವರೇ!

ನಾವಿರುವ ಕುವೈತಿನ ಬೇಸಿಗೆಯಲ್ಲೂ ನನ್ನದು ತುಂಬುತೋಳಿನ ಕುರ್ತಾ. ಫರ್ವಾನಿಯಾದ ಆಫೀಸಿನಲ್ಲಿ ಅರಬ್ ಹೆಂಗಸೊಬ್ಬರು "ಮಾಶಾಲ್ಲಾ, ಎಂಥ ಮರ್ಯಾದಸ್ಥ ಹುಡುಗಿ" ಎಂದು ಹೊಗಳಿದಾಗ ತಲೆತಗ್ಗಿಸಿ ನಾಚಿಕೊಂಡೆ. ಕಳ್ಳಿ ನಾನು! ಮೈದಾನ್ ಹವಲ್ಲಿಯ ನಮ್ಮ ಬಿಲ್ಡಿಂಗಿನಲ್ಲಿದ್ದ ತುಳು ಆಂಟಿ ಬೇರೆಯೇ ತೀರ್ಪು ಕೊಟ್ಟರು. "ಬಂಗುಡೆ ಮೀನು ಬಿಡು ಮಾರಾಯ್ತಿ, ಅದು ನಂಜು." ಮೂರು ವರ್ಷ ಬಂಗುಡೆ ಬಿಟ್ಟೆ. ಒಣಮೀನು ಬಿಟ್ಟೆ, ಬದನೆ ಬಿಟ್ಟೆ. ಮಚ್ಚೆ ನನ್ನನ್ನು ಬಿಡಲಿಲ್ಲ.

ಕುವೈತಿನಲ್ಲೇ ಮದುವೆ ಗೊತ್ತಾಯಿತು. ಹುಡುಗನಿಗೆ ಮೊದಲೇ ಹೇಳಿದ್ದೆ. "ಅದಕ್ಕೆ ಎಂಥ ಈಗ? ನನ್ನ ಅಮ್ಮನಿಗೆ ಮಾತ್ರ ಆಮೇಲೆ ಹೇಳುವ, ಅವರಿಗೆ ಹೆದರಿಕೆ ಜಾಸ್ತಿ" ಎಂದ. ಅಷ್ಟರಲ್ಲಿ, ಜಾಗದ ತಾಪತ್ರಯದಿಂದ, ಎರಡೂ ಮನೆಯ ರೋಸ್ ಒಂದೇ ಕಡೆ ಎಂದು ಹಿರಿಯರು ನಿಶ್ಚಯಿಸಿದರು. ಅಂದರೆ ಮೊದಲು ಹಾಲು ಸವರುವವರಲ್ಲಿ ಅತ್ತೆಯೂ ಇರುತ್ತಾರೆ.

ಚರ್ಮದ ಡಾಕ್ಟರ ಹತ್ತಿರ ಓಡಿದೆ. ಆಕೆ ಪರೀಕ್ಷೆಗಳನ್ನೆಲ್ಲ ಮಾಡಿಸಿ ವಿವರಿಸಿದರು. ಮೈ ಕಾಯುವ ಕಣಗಳು ಸುದ್ದಿ ಮುಟ್ಟಿಸಲು ಚಿಕ್ಕ ಅಣುಗಳನ್ನು ಹೊರಬಿಡುತ್ತವಂತೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್ ಹದಿನೇಳು ಎಂಬುದು ನನ್ನೊಳಗೆ ಅತಿಯಾಗಿ, ಶತ್ರು ಇಲ್ಲದೆಯೂ "ಬಂದ, ಬಂದ" ಎಂದು ಬೊಬ್ಬೆ ಹಾಕುತ್ತಿತ್ತು. ಚರ್ಮ ಗಾಬರಿಬಿದ್ದು ತಿಂಗಳ ಕೆಲಸವನ್ನು ನಾಲ್ಕು ದಿನದಲ್ಲಿ ಮುಗಿಸಿ ಪದರದ ಮೇಲೆ ಪದರ ಬೆಳೆಸುತ್ತಿತ್ತು. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಯಾರೋ ಒಬ್ಬರು "ನಾಳೆ ನೀರಿಲ್ಲ" ಎಂದು ಹಾಕಿದರೆ ಎಲ್ಲ ಮನೆಯ ಬಕೆಟ್ಟೂ ತುಂಬುವ ಹಾಗೆ. ಆ ಒಂದು ಅಣುವಿನ ಬಾಯಿ ಮುಚ್ಚಿಸುವ ಇಂಜೆಕ್ಷನ್ ಇದೆ ಎಂದರು.

"ಹಾಗಾದ್ರೆ ಬಂಗುಡೆ?" ಎಂದು ಕೇಳಿದೆ.

"ಬಂಗುಡೆ ಏನು ಮಾಡಿತು?" ಎಂದು ಅವರೇ ಕೇಳಿದರು.

ಅವತ್ತು ನಾಲ್ಕು ಬಂಗುಡೆ ಹುರಿದು ಒಬ್ಬಳೇ ತಿಂದೆ. ವಾರಕ್ಕೊಂದು ಇಂಜೆಕ್ಷನ್ ಆಯಿತು. ಎರಡನೆಯದರ ನಂತರ ಹೊಟ್ಟು ನಿಂತಿತು, ನಾಲ್ಕನೆಯದಕ್ಕೆ ಬೆನ್ನು ನುಣ್ಣಗಾಯಿತು. ನನಗೆ ಹುಚ್ಚೇ ಹಿಡಿಯಿತು! ಕಪ್ಪು ಟೀ ಶರ್ಟ್ ತಂದು ಕನ್ನಡಿಯ ಮುಂದೆ ಕುಣಿದೆ. ಲಿಫ್ಟಿನಲ್ಲಿ ಪರಿಚಯವಿಲ್ಲದವರಿಗೂ ನಗುತ್ತಾ ಸಲಾಂ ಹೇಳಿದೆ. ಅಮ್ಮ "ಇವಳಿಗೆ ಎಂಥದೋ ತಲೆಗೇರಿದೆ" ಎಂದರು. ಹೌದು, ಏರಿತ್ತು.

ಆದರೆ ಎಡ ಮೊಣಕೈಯಲ್ಲಿ ಒಂದು ಮಚ್ಚೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅಮ್ಮ ಮೇಕಪ್ ಬಳಿಯೋಣ ಎಂದರು. ತೆಂಗಿನಹಾಲಿನಲ್ಲಿ ಮೇಕಪ್ ನಿಲ್ಲುತ್ತದೆಯೇ? ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೂ ನನ್ನ ಹೆದರಿಕೆ ಹಾಗೇ ಇತ್ತು.

ರೋಸ್ ನಡೆದದ್ದು ಸಲ್ವಾದಲ್ಲಿ ಪರಿಚಯದವರ ಮನೆಯ ನೆಲಮಹಡಿಯಲ್ಲಿ, ಶುಕ್ರವಾರ ಮಧ್ಯಾಹ್ನ. ಅಪ್ಪ, ಅಮ್ಮ ಹಾಲು ಸವರಿ ಸರಿದರು. ಅತ್ತೆ ಬಂದರು. ಹಣೆಗೆ ಶಿಲುಬೆ ಬರೆದರು, ತಲೆಗೆ ಎಣ್ಣೆ ಹಾಕಿದರು, ನನ್ನ ಅಂಗೈಯಿಂದ ಶುರುಮಾಡಿ ಹಾಲು ಹಚ್ಚುತ್ತ ಮೇಲೆ ಬಂದರು. ಮೊಣಕೈಯ ಹತ್ತಿರ ಅವರ ಕೈ ನಿಂತಿತು. ಅವರು ನೋಡಿಬಿಟ್ಟರು. ನನಗೆ ತಡೆಯಲಾಗಲಿಲ್ಲ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. "ಅತ್ತೆ, ಅದು ಸೋರಿಯಾಸಿಸ್. ಅಂಟುವುದಿಲ್ಲ, ಸತ್ಯವಾಗಿ ಅಂಟುವುದಿಲ್ಲ!"

ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ಇಣುಕಿದರು.

ಅತ್ತೆ ಸಿಡುಕಿದರು. "ಅಂಟುವುದಿಲ್ಲ ಅಂತ ನನಗೆ ಯಾಕೆ ಹೇಳ್ತಿ? ಅಂಟುವುದಾದ್ರೆ ನಾನು ಕೈ ತೆಗಿತೇನೆ ಅಂತ ಎಣಿಸಿದ್ದಿಯಾ?"

ಬೊಗಸೆ ತುಂಬ ಹಾಲು ತೆಗೆದು ಆ ಮಚ್ಚೆಯ ಮೇಲೆಯೇ ಸುರಿದು ತಿಕ್ಕತೊಡಗಿದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಹಿಂದೆ ನಿಂತವರು "ಯಲ್ಲಾ, ಯಲ್ಲಾ, ಬೇಗ ಬೇಗ, ನಮಗೂ ಬಿಡಿ" ಎಂದು ಗಲಾಟೆ ಎಬ್ಬಿಸಿದರೂ ಅವರು ಕೈ ತೆಗೆಯಲಿಲ್ಲ.