ದೂರದ ಬೆಟ್ಟ ನುಣ್ಣಗಿರಬಾರದು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವರ್ಕ್‌ಶಾಪಿನ ತಾರಸಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಂತಿದೆ. ಅದರ ಮೇಲೊಂದು ಹೊಸ ಡಿಜಿಟಲ್ ಕ್ಯಾಮರಾ. ಕ್ಯಾಮರಾದ ಮೂತಿಗೆ ಮೊಳದುದ್ದದ, ಅಲ್ಲಲ್ಲಿ ಬಣ್ಣ ಸುಲಿದ ಹಳೆಯ ಟೆಲಿ ಲೆನ್ಸು. ಮೊಮ್ಮಗ ಅಜ್ಜನನ್ನು ಎತ್ತಿಕೊಂಡಂತಿದೆ ಜೋಡಿ. ತಲೆಗೆ ಹಳೆಯ ಶಾಲು ಸುತ್ತಿಕೊಂಡ ಹೆಂಗಸೊಬ್ಬರು ಬಗ್ಗಿ, ಒಂದು ಕಣ್ಣು ಮುಚ್ಚಿ, ಊರಾಚೆಯ ಬೆಟ್ಟದತ್ತ ಲೆನ್ಸಿನ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತಿದ್ದಾರೆ. ಬಿಸಿಲೇರಿದರೆ ಮನೆಗಳ ತಾರಸಿಗಳಿಂದ ಕಾವೆದ್ದು ದೂರದ್ದೆಲ್ಲ ನೀರೊಳಗಿನ ನೆರಳಿನಂತೆ ನಡುಗುತ್ತದೆ. ಆಮೇಲೆ ತಪ್ಪು ಲೆನ್ಸಿನದೋ ಗಾಳಿಯದೋ ದೇವರಿಗೇ ಗೊತ್ತು. ಪರೀಕ್ಷೆಗೆ ಈ ಹೊತ್ತೇ ಆಗಬೇಕು.

"ಏನಾಯ್ತೇ?" ಕೆಳಗಿನಿಂದ ಅಣ್ಣನ ದನಿ.

"ಇನ್ನೂ ನುಣ್ಣಗೇ ಇದೆ ಅಣ್ಣಾ."

"ಕೆಡಿಸಿದೆ ಅನ್ನು ಹಾಗಾದ್ರೆ."

"ಕೆಡಿಸಿಲ್ಲ, ಮುಗಿಸಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಕಾಫಿ ಆರ್ತಿದೆ, ಕುಡಿ ನೀನು."

ದೂರದ ಬೆಟ್ಟ ನುಣ್ಣಗೆ ಎಂಬುದು ಲೋಕದ ಗಾದೆ. ಈ ತಾರಸಿಯ ಮೇಲೆ ಅದು ಅಪಶಕುನ. "ಬಂಡೆ ಬಂಡೆಯಾಗಿ ಕಾಣ್ಬೇಕು, ಮುಳ್ಳು ಮುಳ್ಳಾಗಿ ಕಾಣ್ಬೇಕು. ನುಣ್ಣಗೆ ಕಂಡ್ರೆ ನನ್ನ ಕೆಲಸ ಕೆಟ್ಟಿದೆ ಅಂತ ಅರ್ಥ" ಎನ್ನುತ್ತಾರೆ ಅವರು. ಓಣಿಯವರ ಬಾಯಲ್ಲಿ ಅವರು ಬಳೆಯಕ್ಕ. ಅವರ ಕೈಯಲ್ಲಿ ಒಂದು ಬಳೆಯೂ ಇಲ್ಲ. ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ಕೂರುವವರು ಕೈಗೆ ಏನನ್ನೂ ತೊಡುವಂತಿಲ್ಲ. ಅವರು ಬಳೆ ತೊಡಿಸುವುದು ಲೆನ್ಸುಗಳಿಗೆ.

ಹಳೆಯ ಲೆನ್ಸಿನ ಬಾಯಿ ಹೊಸ ಕ್ಯಾಮರಾದ ಬಾಯಿಗೆ ಕೂಡುವುದಿಲ್ಲ. ನಡುವೆ ಒಂದು ಲೋಹದ ಬಳೆ ಬೇಕು. ಒಂದು ಬದಿ ಹಳೆಯದಕ್ಕೆ, ಇನ್ನೊಂದು ಬದಿ ಹೊಸದಕ್ಕೆ. ಅಂಗಡಿಯಲ್ಲಿ ಸಿಗುವ ಜೋಡಿಗಳಿಗೆ ಯಾರೂ ಇಲ್ಲಿಗೆ ಬರುವುದಿಲ್ಲ. ಯಾರೂ ಮಾಡದಿರುವುದನ್ನು ಕೇಳಿಕೊಂಡು ಬರುತ್ತಾರೆ. ಅಪ್ಪನ ಕಪಾಟಿನಲ್ಲಿ ಸಿಕ್ಕಿದ್ದು, ಬೂಷ್ಟು ಹಿಡಿದದ್ದು, ಗ್ರೀಸು ಒಣಗಿ ಉಂಗುರ ತಿರುಗದಿರುವುದು. ದಿನಕ್ಕೆ ಹೆಚ್ಚೆಂದರೆ ಎರಡು ಬಳೆ. ಮನಸ್ಸು ನೆಟ್ಟಗಿಲ್ಲದ ದಿನ ಒಂದೂ ಇಲ್ಲ.

ತೊಡಿಸಿದ ಮೇಲೂ ಹೊಸ ಕ್ಯಾಮರಾ ಸುಲಭಕ್ಕೆ ಒಪ್ಪುವುದಿಲ್ಲ. ಪರದೆಯ ಮೇಲೆ 'ಲೆನ್ಸ್ ಇಲ್ಲ' ಎಂದು ಬರೆದು ಕೂರುತ್ತದೆ. "ಎದುರಿಗೆ ಇಷ್ಟುದ್ದ ಮಾವ ಕೂತಿದ್ರೂ ಮನೇಲಿ ಯಾರೂ ಇಲ್ಲ ಅನ್ನೋ ಸೊಸೆ ಇದ್ದಂಗೆ" ಎಂದು ಬಳೆಯಕ್ಕ ನಗುತ್ತಾರೆ. ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂದು ಕ್ಯಾಮರಾಕ್ಕೆ ಅಪ್ಪಣೆ ಕೊಡಬೇಕು. ಬೆಳಕಿನ ಕಿಂಡಿಯನ್ನು ಕೈಯಲ್ಲೇ ಕಿರಿದು ಮಾಡಬೇಕು. ದೂರವನ್ನು ಕೈಯಲ್ಲೇ ಹುಡುಕಬೇಕು. ಕಿಂಡಿ ಪೂರ್ತಿ ತೆರೆದರೆ ಬಿಳಿಯ ಅಂಚಿಗೆಲ್ಲ ತೆಳುವಾದ ನೇರಳೆ ಗೆರೆ ಬರುತ್ತದೆ. ಹೊಸಬರು ಅದನ್ನು ದೋಷ ಎನ್ನುತ್ತಾರೆ. "ವಯಸ್ಸಾದೋರ ಮಾತಲ್ಲಿ ಸ್ವಲ್ಪ ಕೆಮ್ಮು ಇರಲ್ವಾ? ಅಷ್ಟೇ ಅದು."

ಲೇತ್ ಅವರ ಗಂಡನದು. ಅದರ ಮೇಲೆ ಗಂಡ ನೀರಿನ ಪಂಪುಗಳ ಬುಷ್ ಎಂಬ ಲೋಹದ ಉಂಗುರ ಕಡೆಯುತ್ತಿದ್ದರು. ಒಂದು ಮಳೆಗಾಲದ ಜ್ವರ ಅವರನ್ನು ಕರೆದುಕೊಂಡು ಹೋಯಿತು. ತುಂಬ ದಿನ ಯಂತ್ರದ ಮೇಲೆ ಹೊದಿಸಿದ ಬಟ್ಟೆ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ತೆಗೆದದ್ದು ಹೆಂಡತಿಯೇ. ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದ ಅಣ್ಣ ಗೆಳೆಯನೊಬ್ಬನ ಲೆನ್ಸ್ ತಂದು ಮುಂದಿಟ್ಟು, "ಇದಕ್ಕೊಂದು ಬಳೆ ಮಾಡಿಕೊಡೇ ನೋಡೋಣ" ಎಂದಿದ್ದರು.

ಆ ಮೊದಲ ಬಳೆಯನ್ನು ಬಳೆಯಕ್ಕ ಗಟ್ಟಿಮುಟ್ಟಾಗಿರಲಿ ಎಂದು ಒಂದು ಕೂದಲೆಳೆ ದಪ್ಪ ಬಿಟ್ಟರು. ಪಂಪಿನ ಕೆಲಸ ನೋಡಿದ ಕಣ್ಣು ಅದು. ಅಲ್ಲಿ ದಪ್ಪ ಉಳಿದರೆ ಲಾಭವೇ. ಗೆಳೆಯ ಮಾರನೆಯ ದಿನ ಓಡಿಬಂದ. "ಅಮ್ಮಾ, ಎದುರು ಮನೆಯೇನೋ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತೆ. ಅದರಾಚೆ ಲೋಕವೇ ಇಲ್ಲ!" ಲೆನ್ಸಿನ ಮೇಲೆ ಕೊನೆಯಿಲ್ಲದ ದೂರಕ್ಕೆ ಒಂದು ಗುರುತಿರುತ್ತದೆ, ಅಡ್ಡಬಿದ್ದ ಎಂಟರ ಹಾಗೆ. ಬಳೆಯಕ್ಕ ಅದನ್ನು 'ಮಲಗಿದ ಎಂಟು' ಎನ್ನುತ್ತಾರೆ. ಬಳೆ ದಪ್ಪವಾದರೆ ಲೆನ್ಸ್ ಆ ಎಂಟನ್ನು ಮುಟ್ಟುವುದೇ ಇಲ್ಲ. "ತೆಳುವಾದ್ರೆ ಎಂಟು ದಾಟಿ ಹೋಗುತ್ತೆ. ದಾಟಿದ್ದನ್ನ ವಾಪಸ್ ಕರೀಬಹುದು. ಮುಟ್ಟದೇ ಇದ್ದದ್ದಕ್ಕೆ ಏನು ಮಾಡ್ತೀರಾ?"

ಈಗ ತಾರಸಿಯ ಮೇಲಿರುವುದು ಅಣ್ಣನದೇ ಲೆನ್ಸು. ಕಾಲ್ಚೆಂಡಾಟದ ಮೈದಾನದ ಅಂಚಿನಲ್ಲಿ ಮಂಡಿಯೂರಿ ಅವರು ವರ್ಷಗಟ್ಟಲೆ ಇದರೊಳಗಿಂದ ನೋಡಿದ್ದಾರೆ. ಸೋಮವಾರದ ಪತ್ರಿಕೆ ಬಂದರೆ ಜನ ಹಿಂದಿನ ಪುಟದಿಂದ ಓದಲು ಶುರುಮಾಡುತ್ತಿದ್ದ ಕಾಲ ಅದು. ಗೋಲು ಬಿಟ್ಟುಕೊಟ್ಟವನ ಮುಖ ಆ ಪುಟದಲ್ಲಿರುತ್ತಿತ್ತು. ಗೋಲು ಹೊಡೆದವನನ್ನು ಎಲ್ಲರೂ ತೆಗೆಯುತ್ತಾರೆ ಎಂಬುದು ಅಣ್ಣನ ವಾದ. ಆಮೇಲೆ ಫಿಲ್ಮ್ ರೋಲು ಬರುವುದು ನಿಂತಿತು. ಹಳೆಯ ಕ್ಯಾಮರಾದ ಶಟರು ಮುರಿಯಿತು, ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಅಣ್ಣನ ಕೈಗೂ ನಡುಕ ಹತ್ತಿತು. ಕ್ಯಾಮರಾ, ಲೆನ್ಸು ಎರಡನ್ನೂ ಒಟ್ಟಿಗೆ ಚೀಲಕ್ಕೆ ಹಾಕಿ ಮಂಚದ ಕೆಳಗೆ ತಳ್ಳಿದರು. ಮಗಳು ತಂದುಕೊಟ್ಟ ಡಿಜಿಟಲ್ ಕ್ಯಾಮರಾವನ್ನು ಮೂಸಿಯೂ ನೋಡಲಿಲ್ಲ.

ಈ ಲೆನ್ಸಿನ ವಿಷಯದಲ್ಲಿ ಬಳೆ ತೊಡಿಸಿದರೆ ಸಾಲದು. ಮಗಳು ಕೊಟ್ಟ ಕ್ಯಾಮರಾದ ಒಡಲು ಆಳ. ಬಳೆ ಸೇರಿದರೆ ಲೆನ್ಸ್ ಇನ್ನೂ ದೂರ ಸರಿಯುತ್ತದೆ, ಅಂಗಳದಾಚೆಗೆ ಕುರುಡಾಗುತ್ತದೆ. ಲೆನ್ಸಿನ ಹಿಂಭಾಗದ ಲೋಹವನ್ನೇ ಲೇತಿಗೆ ಕೊಟ್ಟು ಕಡೆಯಬೇಕು. ಒಮ್ಮೆ ಕಡೆದರೆ ಅದು ಹಳೆಯ ಕ್ಯಾಮರಾಕ್ಕೆ ಮತ್ತೆಂದೂ ಕೂರದು. ಹೊಸದಕ್ಕೂ ಕೂರದಿದ್ದರೆ ಎರಡೂ ದಡ ತಪ್ಪಿದ ದೋಣಿ.

"ಬೇಡ. ಅವೆರಡೂ ಜೋಡಿ ಕಣೇ. ಜೋಡಿ ಮುರೀಬೇಡ" ಎಂದಿದ್ದರು ಅಣ್ಣ, ಮೊದಲ ಸಲ ಕೇಳಿದಾಗ.

"ಜೋಡಿ ಆಗಲೇ ಮುರಿದಿದೆ ಅಣ್ಣಾ. ಒಂದು ಸತ್ತುಹೋಗಿದೆ, ಇನ್ನೊಂದು ಬದುಕಿದೆ."

"ಬದುಕಿದ್ದು ಸುಮ್ನೆ ಇರಲಿ."

ಬಳೆಯಕ್ಕ ಲೇತಿನ ಮೇಲೆ ಕೈಯಿಟ್ಟು ಹೇಳಿದರು: "ಇದೂ ಒಂದು ಜೋಡಿಯಲ್ಲಿ ಉಳಿದದ್ದೇ. ಬಟ್ಟೆ ಹೊದಿಸಿ ಇಟ್ಟಿದ್ರೆ ಇಷ್ಟು ಹೊತ್ತಿಗೆ ತುಕ್ಕು ತಿಂದಿರೋದು. ಅವತ್ತು ಬಟ್ಟೆ ತೆಗಿ ಅಂತ ನೀನೇ ತಾನೇ ಲೆನ್ಸ್ ತಂದಿಟ್ಟಿದ್ದು?"

ಅಣ್ಣ ಮಂಚದ ಕೆಳಗಿನ ಚೀಲ ಎಳೆದು ಕೊಟ್ಟರು. "ಮಾಡು. ಆದ್ರೆ ಕಡೆಯುವಾಗ ನನ್ನ ಕರೀಬೇಡ. ಆ ಸದ್ದು ಕೇಳೋಕಾಗಲ್ಲ ನಂಗೆ."

ಗಾಜುಗಳನ್ನೆಲ್ಲ ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟು, ಬರಿಯ ಲೋಹವನ್ನು ಯಂತ್ರಕ್ಕೆ ಕಚ್ಚಿಸಬೇಕು. ಒಂದು ಪದರ ಕಡೆದು, ಒರೆಸಿ, ಮತ್ತೆ ಗಾಜು ಕೂರಿಸುವ ಹೊತ್ತಿಗೆ ಸಂಜೆ. ಪರೀಕ್ಷೆ ಮರುದಿನದ ಬೆಳಗಿಗೆ. ಅವಸರ ಮಾಡುವಂತಿಲ್ಲ, ಕಡೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಕಡೆಯುವ ಮೊದಲು ಬಳೆಯಕ್ಕ ಕಣ್ಣು ಮುಚ್ಚಿ ಒಂದು ಗಳಿಗೆ ಕೂರುತ್ತಾರೆ. ಏನು ಬೇಡಿಕೊಳ್ಳುತ್ತೀರಿ ಎಂದರೆ, "ಬೇಡಿಕೊಳ್ಳೋದೇನು? ಕೈ ನಿನ್ನದು, ನೋಡ್ಕೋ ಅಂತೀನಿ. ಅಷ್ಟೇ."

ಇಂದು ಅವರು ತೆಗೆಯುವುದು ಕಾಗದಕ್ಕಿಂತ ತೆಳುವಾದ ಪದರ. ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಎದ್ದು ಕಾಲ ಬಳಿ ಬೀಳುತ್ತದೆ. ಒಳಮನೆಯಲ್ಲಿ ಅಣ್ಣ ರೇಡಿಯೋದ ದನಿ ಏರಿಸುತ್ತಾರೆ.

ಮರುದಿನ ಬೆಳಗು. ಅದೇ ತಾರಸಿ. ಬಳೆಯಕ್ಕ ಉಂಗುರ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ. ಉಸಿರು ಬಿಗಿಹಿಡಿಯುತ್ತಾರೆ. ಬೆಟ್ಟದ ನೆತ್ತಿಯಲ್ಲಿ ಬಂಡೆಯೊಂದು ಬಿರುಕು ಸಮೇತ ಎದ್ದು ನಿಂತಿದೆ. ಅದರ ಪಕ್ಕದ ಒಣ ಮರದ ಕೊಂಬೆಗಳನ್ನು ಒಂದೊಂದಾಗಿ ಬಿಡಿಸಬಹುದು. ಉಂಗುರವನ್ನು ಇನ್ನಷ್ಟು ತಿರುಗಿಸಿದರೆ ಬೆಟ್ಟ ಮತ್ತೆ ಮಸುಕಾಗುತ್ತದೆ: ಲೆನ್ಸ್ ದೂರವನ್ನು ಮುಟ್ಟಿ, ಒಂದಿಷ್ಟು ದಾಟಿಯೂ ಇದೆ.

"ಅಣ್ಣಾ, ಮೇಲೆ ಬಾ."

ದನಿ ಕೇಳಿಯೇ ಅಣ್ಣನಿಗೆ ತಿಳಿಯುತ್ತದೆ. ಗೋಡೆ ಹಿಡಿದು ಮೆಟ್ಟಿಲೇರಿ ಬರುತ್ತಾರೆ. ತಂಗಿಯ ಮುಖ ನೋಡುವುದಿಲ್ಲ. ನೇರ ಹೋಗಿ ಲೆನ್ಸಿನ ಅಡಿಗೆ ಎಡಗೈ ಕೊಡುತ್ತಾರೆ. ಸ್ಟ್ಯಾಂಡಿನ ಮೇಲೆ ಕೂತ ಲೆನ್ಸಿನ ಭಾರಕ್ಕೆ ಆತುಕೊಂಡು ಕೈಯ ನಡುಕ ತುಸು ಅಡಗುತ್ತದೆ. ಪರದೆಯಲ್ಲಿ ಬೆಟ್ಟವನ್ನು ಹಿಗ್ಗಿಸಿ ನೋಡುವುದು ಹೇಗೆಂದು ತಂಗಿ ಗುಂಡಿ ಒತ್ತಿ ತೋರಿಸುತ್ತಾರೆ.

"ಗೊತ್ತಾಯ್ತು, ಸರಿ ಅತ್ಲಾಗೆ."

ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

"ಯಾರೋ ಹತ್ತುತಾ ಇದಾನೆ ಕಣೇ. ಹೆಗಲ ಮೇಲೆ ಏನೋ ಹೊರೆ ಇದೆ."

"ತೆಗಿ ಮತ್ತೆ!"

"ತಡಿ. ಬಂಡೆ ಪಕ್ಕ ಬರಲಿ."

ಬೆಟ್ಟದಾಚೆಗೆ ಬಿಸಿಲಿನ ಮೊದಲ ಎಳೆ ಬೀಳುತ್ತಿದೆ. ಇನ್ನೇನು ಕಾವೇಳುತ್ತದೆ. ಅಣ್ಣನಿಗೆ ಅವಸರವಿಲ್ಲ. ಶಟರಿನ ಸದ್ದು ಒಂದೇ ಒಂದು ಸಲ ಕೇಳುತ್ತದೆ.

"ಭಾನುವಾರ ಆಟ ಇದೆಯಾ?" ಕಣ್ಣು ಕದಲಿಸದೆಯೇ ಕೇಳುತ್ತಾರೆ ಅವರು.

"ಇದೆ. ಸ್ಟ್ಯಾಂಡ್ ಹೊರೋಕೆ ನಾನೂ ಬರ್ತೀನಿ."

"ನಿಂಗೆ ಆಟ ಅರ್ಥ ಆಗಲ್ವಲ್ಲೇ."

"ಆಟ ನೋಡೋಕಲ್ಲ. ನೀನು ತೆಗೆದಿದ್ದನ್ನ ಪೇಪರಲ್ಲಿ ಜೀವನವೆಲ್ಲ ನೋಡಿದೀನಿ. ನೀನು ತೆಗೆಯೋದನ್ನ ಒಂದ್ಸಲನಾದ್ರೂ ನೋಡ್ಬೇಕು" ಎನ್ನುತ್ತಾರೆ ಬಳೆಯಕ್ಕ.